ತಂಬೂರಿಯನ್ನು ಅಳಿಸುತ್ತಿದ್ದ ಕಂಪ್ಯೂಟರ್: ಮನೆಯ ಧ್ವನಿಮುದ್ರಣದ ಟಿಪ್ಪಣಿಗಳು

ಅಮ್ಮನಿಗೆ ಬರುವ ದೇವರನಾಮ, ಉಗಾಭೋಗ, ಸುಳಾದಿ ಎಂಬ ದಾಸರ ಹಾಡುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಧ್ವನಿಮುದ್ರಿಸಿ ಇಡುವ ಕೆಲಸ ಈ ಬೇಸಿಗೆಯಲ್ಲಿ ಶುರುವಾಗಿದೆ. ಸಾಹಿತ್ಯ ಪುಸ್ತಕಗಳಲ್ಲಿ ಸಿಗುತ್ತದೆ, ಅಮ್ಮ ಹಾಡುವ ಧಾಟಿ ಎಲ್ಲೂ ಸಿಗುವುದಿಲ್ಲ. ಅದು ಅಜ್ಜಿಯಿಂದ ಬಂದದ್ದು, ಅಜ್ಜಿಗೆ ಮಾನ್ವಿ ಕಡೆಯ ತವರಿನಿಂದ ಬಂದದ್ದು. ಯಾರೂ ಸ್ವರ ಹಾಕಿ ಬರೆದಿಟ್ಟಿಲ್ಲ. ಮೊಬೈಲಿನಲ್ಲಿ ಹಿಡಿದ ಹಳೆಯ ತುಣುಕುಗಳಲ್ಲಿ ಗಮಕಗಳ ಅಂಚೆಲ್ಲ ಸವೆದುಹೋಗಿದೆ, ಹಾಗಾಗಿ ಸರಿಯಾದ ಮೈಕ್, ಸರಿಯಾದ ಫೈಲ್, ಜೊತೆಗೆ ಮೀರಜಿನ ತಂಬೂರಿ ಇಟ್ಟುಕೊಂಡೇ ಮಾಡಬೇಕು ಎಂದು ಹಟ ಹಿಡಿದಿದ್ದೇನೆ. ಜಾಗ ರಾಯಚೂರಿನ ನಮ್ಮ ಮನೆಯ ಒಳಕೋಣೆ. ಯಂತ್ರ ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಧ್ವನಿ ಮುದ್ರಿಸುವ ತಂತ್ರಾಂಶ ಆಡಾಸಿಟಿ.

ಹಾಡು ಕಂಪ್ಯೂಟರಿನೊಳಗೆ ಸರಿಯಾಗಿ ಇಳಿಯುವಂತೆ ಮಾಡುವುದಕ್ಕೇ ಇಲ್ಲಿಯವರೆಗಿನ ಸಮಯವೆಲ್ಲ ಹೋಗಿದೆ. ಅದರ ದಾಖಲೆ ಇದು.

ಮಾರ್ಚ್

ಮೊದಲು ಹಾಕಿದ್ದು ಕ್ಯಾಮೆರಾಗಾಗಿ ತಯಾರಾದ ಕಾಲರ್ ಮೈಕ್. ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಸಿಕ್ಕಿಸಿದೆ, ಆಡಾಸಿಟಿಯಲ್ಲಿ ಅಲೆ ಮೂಡಿತು, ಧ್ವನಿ ಮಾತ್ರ ಬಾವಿಯೊಳಗಿನಿಂದ ಬಂದಂತಿತ್ತು. ಇಂಥ ಹೊತ್ತಿನಲ್ಲಿ ಯಾವ ಮೈಕ್ ಕೇಳಿಸಿಕೊಳ್ಳುತ್ತಿದೆ ಎಂದು ತಿಳಿಯಲು ಪರದೆಯನ್ನು ನಂಬಬೇಕಾಗಿಲ್ಲ. ರೆಕಾರ್ಡಿಂಗ್ ನಡೆಯುತ್ತಿರುವಾಗ ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚಿನ ಸಣ್ಣ ರಂಧ್ರದ ಬಳಿ ಕೆರೆಯಿರಿ. ಎಲ್ಲಿ ಕೆರೆದಾಗ ಅಲೆ ಜಿಗಿಯುತ್ತದೋ ಅದೇ ಮೈಕ್. ನಮ್ಮಲ್ಲಿ ಜಿಗಿದದ್ದು ಪರದೆಯ ಬಳಿ.

ಕಾರಣ ಪಿನ್ನಿನಲ್ಲಿತ್ತು. 3.5 ಮಿ.ಮೀ. ಪಿನ್ನಿನ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ. ಎರಡು ಗೆರೆ ಇದ್ದರೆ ಲೋಹದ ಭಾಗ ಮೂರು, ಮೂರು ಗೆರೆ ಇದ್ದರೆ ನಾಲ್ಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಒಂದೇ ತೂತು ಇರುತ್ತದೆ, ಅದು ನಾಲ್ಕು ಭಾಗದ ಪಿನ್ನಿಗಾಗಿ ಇರುವುದು: ತುದಿ ಎಡಗಿವಿಗೆ, ಮುಂದಿನದು ಬಲಗಿವಿಗೆ, ಮೂರನೆಯದು ಗ್ರೌಂಡ್, ತಂತಿಯ ಕಡೆಯ ಕೊನೆಯದು ಮೈಕಿಗೆ. ಮೂರು ಭಾಗದ ಕ್ಯಾಮೆರಾ ಪಿನ್ ಅದರೊಳಗೆ ಹೋದಾಗ ಅದರ ಉದ್ದನೆಯ ಕೊನೆಯ ಭಾಗ ಗ್ರೌಂಡನ್ನೂ ಮೈಕನ್ನೂ ಒಟ್ಟಿಗೆ ಮುಟ್ಟಿ ಶಾರ್ಟ್ ಮಾಡುತ್ತದೆ. ಯಾರೋ ಹೆಡ್‌ಫೋನ್ ಸಿಕ್ಕಿಸಿದರು ಎಂದುಕೊಂಡು ಲ್ಯಾಪ್‌ಟಾಪ್ ತನ್ನ ಒಳಗಿನ ಮೈಕನ್ನೇ ಮುಂದುವರಿಸುತ್ತದೆ. ಮೈಕಿಗೊಂದು, ಹೆಡ್‌ಫೋನಿಗೊಂದು ಬಾಯಿ ಇರುವ ಕವಲು ಅಡಾಪ್ಟರ್ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ತಂದ ಮೇಲೆ ಕಾಲರ್ ಮೈಕ್ ಮಾತಾಡಿತು.

ಮೌನಕ್ಕೆ ಇನ್ನೂ ಎರಡು ಕಾರಣಗಳು ಎದುರಾದವು, ಎರಡೂ ಬೇಗ ಬಗೆಹರಿದವು. ಆಡಾಸಿಟಿ ತೆರೆದುಕೊಳ್ಳುವಾಗ ಇದ್ದ ಸಾಧನಗಳನ್ನಷ್ಟೇ ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಸಿಕ್ಕಿಸಿದ ಮೈಕ್ ಕಾಣಬೇಕಾದರೆ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಬೇಕು. ಇನ್ನೊಂದು, ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿರುವ ಮೈಕ್ರೊಫೋನ್ ಅನುಮತಿ. ಅಲ್ಲಿ ಆ್ಯಪ್‌ಗಳ ಪಟ್ಟಿಯ ಕೆಳಗೆ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆಂದೇ ಬೇರೆ ಸ್ವಿಚ್ ಇದೆ, ಆಡಾಸಿಟಿ ಸೇರುವುದು ಅದರ ಕೆಳಗೆ. ಮೇಲಿನ ಸ್ವಿಚ್ ಹಾಕಿ ಕೆಳಗಿನದನ್ನು ಬಿಟ್ಟರೆ ನೇರ ಗೆರೆಯೊಂದೇ ದಾಖಲಾಗುತ್ತದೆ.

ಮಾರ್ಚ್ ಕೊನೆ

ನಿಜವಾದ ತೊಡಕು ಶುರುವಾದದ್ದು ಇಲ್ಲಿ. ಒಂದು ಉಗಾಭೋಗ ಮುದ್ರಿಸಿ ಅಮ್ಮನಿಗೆ ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. “ನನ್ನ ದನಿ ಇದೆ, ತಂಬೂರಿ ಎಲ್ಲಿ ಹೋಯಿತು?” ಎಂದರು.

ಉಗಾಭೋಗಕ್ಕೆ ತಾಳವಿಲ್ಲ. ಒಂದು ಸಾಲು ಹಾಡಿ, ನಿಂತು, ಅರ್ಥ ಇಳಿಯುವಷ್ಟು ಹೊತ್ತು ಬಿಟ್ಟು ಮುಂದಿನ ಸಾಲು ಹಿಡಿಯುತ್ತಾರೆ. ಆ ಬಿಡುವನ್ನು ತುಂಬುವುದೇ ತಂಬೂರಿ. ನಮ್ಮ ಫೈಲಿನಲ್ಲಿ ಆಗಿದ್ದು ಹೀಗೆ: ಮೊದಲ ಕೆಲವು ಮೀಟುಗಳು ತುಂಬು ನಾದದಲ್ಲಿ ಕೇಳುತ್ತವೆ, ಆಮೇಲೆ ತಂಬೂರಿ ನಿಧಾನವಾಗಿ ಮುಳುಗುತ್ತದೆ. ಅಮ್ಮ ಹಾಡಿದಾಗ ದನಿಯ ಬೆನ್ನಿಗೆ ಸ್ವಲ್ಪ ಮೇಲೇಳುತ್ತದೆ, ಸಾಲು ಮುಗಿದ ಕೂಡಲೇ ಮತ್ತೆ ಮಾಯ. ಸಾಲಿನ ಕೊನೆಯಲ್ಲಿ ಅವರು ಷಡ್ಜದ ಮೇಲೆ ನಿಂತರೆ ಆ ಷಡ್ಜದ ಬಾಲವೂ ಕತ್ತರಿಸಿಹೋಗಿತ್ತು.

ಕಾರಣ ಗದ್ದಲ ತಗ್ಗಿಸುವ ಸೌಲಭ್ಯ. ಕಂಪ್ಯೂಟರಿನ ಮೈಕ್ ವ್ಯವಸ್ಥೆಯೆಲ್ಲ ಕರೆ ಮಾಡಿ ಮಾತನಾಡುವವರಿಗಾಗಿ ರೂಪುಗೊಂಡದ್ದು. ಮಾತು ತುಂಡುತುಂಡಾಗಿ ಬರುತ್ತದೆ, ಅಕ್ಷರ, ಬಿಡುವು, ಅಕ್ಷರ. ಫ್ಯಾನಿನ ಸದ್ದು, ಕೂಲರಿನ ಸದ್ದು ಒಂದೇ ಸಮನೆ ಇರುತ್ತದೆ. ಹಾಗಾಗಿ ಯಾವ ಧ್ವನಿ ಬದಲಾಗದೆ ಮುಂದುವರಿಯುತ್ತದೋ ಅದನ್ನು ಗದ್ದಲವೆಂದು ಎಣಿಸಿ ಕಳೆಯುವುದು ಇದರ ಲೆಕ್ಕಾಚಾರ. ಬದಲಾಗದೆ ಮುಂದುವರಿಯುವುದೇ ತಂಬೂರಿಯ ಧರ್ಮವಾದ್ದರಿಂದ, ಹೊಟ್ಟಿನ ಜೊತೆ ಕಾಳನ್ನೂ ತೂರಿಬಿಡುವ ಮೊರದಂತೆ ಇದು ಕೆಲಸ ಮಾಡುತ್ತಿತ್ತು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆ ಸರಿಸಿ ಸರಿಸಿ ಅಮ್ಮ ಕಷ್ಟಪಟ್ಟು ಕೂರಿಸಿದ ಜವಾರಿ, ಆ ಹರಡಿಕೊಳ್ಳುವ ಮೇಲಿನ ಸ್ವರಗಳ ಮಿನುಗು, ಈ ಲೆಕ್ಕದಲ್ಲಿ ಕಸ! ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಮನೆಗಳಲ್ಲಿ ಅಕ್ಕರೆಯಿಂದ ಮುದ್ರಿಸಿದ ಎಷ್ಟೋ ಹಾಡುಗಳಿಂದ ಶ್ರುತಿ ಹೀಗೆ ಸದ್ದಿಲ್ಲದೆ ಇಳಿದುಹೋಗಿರಬಹುದು.

ಇದನ್ನು ಎರಡು ಕಡೆ ನಿಲ್ಲಿಸಬೇಕಾಯಿತು. ಒಂದು, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆ ಮೈಕನ್ನು ತೆರೆದು ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬುದನ್ನು ಆಫ್ ಮಾಡುವುದು. ಎರಡು, ಲ್ಯಾಪ್‌ಟಾಪ್ ತಯಾರಕರೇ ಹಾಕಿಕೊಟ್ಟಿರುವ ಪ್ರತ್ಯೇಕ ಧ್ವನಿ ತಂತ್ರಾಂಶದಲ್ಲೂ ಮೈಕಿನ ಗದ್ದಲ ನಿವಾರಣೆಯನ್ನು ಆಫ್ ಮಾಡುವುದು. ಎರಡನೆಯದು ಕಣ್ಣಿಗೆ ಬೀಳುವಂತೆ ಇರಲಿಲ್ಲ, ಕರೆಗಳ ವಿಭಾಗದಲ್ಲಿ ಅಡಗಿತ್ತು.

ಸರಿಹೋಯಿತೇ ಎಂದು ನೋಡಲು ಹಾಡು ಬೇಕಿಲ್ಲ. ತಂಬೂರಿಯೊಂದನ್ನೇ ಒಂದು ನಿಮಿಷ ಮೀಟಿ ಮುದ್ರಿಸಿ. ಮೊದಲ ಮೀಟಿಗೂ ಕೊನೆಯ ಮೀಟಿಗೂ ಅಲೆಯ ಎತ್ತರ ಒಂದೇ ಇದ್ದರೆ ದಾರಿ ಸ್ವಚ್ಛ. ಎಡದಿಂದ ಬಲಕ್ಕೆ ಸೊರಗುತ್ತಾ ಹೋದರೆ ಎಲ್ಲೋ ಇನ್ನೊಂದು ಸ್ವಿಚ್ ಬಾಕಿ ಇದೆ ಎಂದರ್ಥ. ಈಗ ಪ್ರತಿ ಸಲ ಕೂರುವ ಮುನ್ನ ಈ ಪರೀಕ್ಷೆ ಮಾಡುತ್ತೇನೆ.

ಏಪ್ರಿಲ್

ಕಾಲರ್ ಮೈಕಿನ ಸಣ್ಣ ತಲೆಗೆ ತಂಬೂರಿಯ ಬುರುಡೆಯ ಗಂಭೀರ ನಾದ ಹಿಡಿಯಲಿಲ್ಲ. ಮೈಕಿನ ಧ್ವನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕಳಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅದರ ಜೊತೆಗೆ ಒಂದು ಕಂಡೆನ್ಸರ್ ಮೈಕ್ ತಂದೆವು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಲ್ಲಿರುವ 48 ವೋಲ್ಟ್ ಗುಂಡಿ ಒತ್ತಿರಬೇಕು, ಇಲ್ಲವಾದರೆ ಧ್ವನಿ ಬರುವುದೇ ಇಲ್ಲ. ಮೈಕ್ ಒಂದೇ ಇರುವಾಗ ಆಡಾಸಿಟಿಯಲ್ಲಿ ಮೊನೊ ಆರಿಸಬೇಕು, ಸ್ಟೀರಿಯೊ ಇದ್ದರೆ ಎಡಗಿವಿಯಲ್ಲಷ್ಟೇ ಹಾಡು ಕೇಳುತ್ತದೆ. ಧ್ವನಿಯ ಮಟ್ಟವನ್ನು ಮೊದಲ ಸಾಲು ಕೇಳಿ ಇಡಬಾರದು. ಅಮ್ಮ ಮಂದ್ರದಲ್ಲಿ ಶುರುಮಾಡಿ ಚರಣದಲ್ಲಿ ತಾರ ಷಡ್ಜ ಮುಟ್ಟುತ್ತಾರೆ. ಆ ಸಾಲನ್ನೇ ಮೊದಲು ಹಾಡಿಸಿ, ಅಲ್ಲಿ ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ ತಿರುಗಿಸಿದೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಅಷ್ಟು ಜಾಗ ಬಿಟ್ಟರೆ ನಷ್ಟವೇನಿಲ್ಲ.

ಧ್ವನಿ ಬಹಳ ಚೆನ್ನಾಗಿ ಬಂತು. ಅದರ ಜೊತೆಗೆ ಗುಂಯ್ ಎಂಬ ತಳಸದ್ದೂ ಬಂತು. ನನಗೆ ಅದು ಕ್ಷೀಣವಾಗಿಯೇ ಕೇಳಿತು, ಅಮ್ಮನಿಗೆ ಹಾಗಲ್ಲ. “ಖರ್ಜದ ತಂತಿ ಅಲುಗಾಡುತ್ತಿದೆ. ಶ್ರುತಿ ಸರಿಯಿಲ್ಲದೆ ಹಾಡಿದ ಹಾಗಿದೆ,” ಎಂದರು. ಖರ್ಜವೆಂದರೆ ತಂಬೂರಿಯ ಕೆಳಗಿನ ಷಡ್ಜ. ತಂಬೂರಿಯನ್ನು ಮತ್ತೆ ಶ್ರುತಿ ಮಾಡಿ ಮುದ್ರಿಸಿದರೂ ಅದೇ ಅಲುಗಾಟ. ಕೋಣೆಯಲ್ಲಿ ಕೇಳಿದರೆ ತಂತಿ ಕದಲದೆ ನಿಂತಿದೆ, ಫೈಲಿನಲ್ಲಿ ನಡುಗುತ್ತದೆ.

ಯಾವ ಕಂಪನದಲ್ಲಿ ಎಷ್ಟು ಸದ್ದಿದೆ ಎಂದು ನಕ್ಷೆಯಲ್ಲಿ ತೋರಿಸುವ, ಆಡಾಸಿಟಿಯ ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆದೆ. ಅದರಲ್ಲಿ ಮೊದಲೇ ಇರುವ 2048ರ ಗಾತ್ರದಲ್ಲಿ, 48,000 ಮಾದರಿ ದರಕ್ಕೆ (ಎಂದರೆ ಸೆಕೆಂಡಿಗೆ ಅಷ್ಟು ಸಲ ಧ್ವನಿಯನ್ನು ಅಳೆಯುವಾಗ), ನಕ್ಷೆಯ ಪ್ರತಿ ಮನೆ 23 ಹರ್ಟ್ಸ್‌ಗಿಂತ ಅಗಲ. ಹತ್ತಿರದ ಎರಡು ಸ್ವರಗಳು ಬೇರೆಯಾಗಿ ಕಾಣುವುದಿಲ್ಲ. ಗಾತ್ರವನ್ನು 65536ಕ್ಕೆ ಏರಿಸಿದಾಗ ಪ್ರತಿ ಮನೆ ಒಂದು ಹರ್ಟ್ಸ್‌ಗಿಂತ ಕಿರಿದಾಯಿತು, ಆಗ ಕಂಡವು ಅಕ್ಕಪಕ್ಕ ಎರಡು ಶಿಖರಗಳು, ಒಂದು 100ರಲ್ಲಿ, ಇನ್ನೊಂದು 104ರ ಹತ್ತಿರ.

ಅಮ್ಮನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ನಾಲ್ಕು. ಅದಕ್ಕೆ ತಂಬೂರಿಯ ಖರ್ಜ 103.8 ಹರ್ಟ್ಸ್. ನಮ್ಮ ದೇಶದ ಮನೆ ವಿದ್ಯುತ್ತು 50 ಹರ್ಟ್ಸ್, ಅದರ ಗುಂಯ್‌ಗುಡಿಕೆ 50ರಲ್ಲಷ್ಟೇ ನಿಲ್ಲದೆ 100, 150 ಎಂದು ಮೇಲಕ್ಕೂ ಏರುತ್ತದೆ. 100ಕ್ಕೂ 103.8ಕ್ಕೂ ನಡುವೆ ಇರುವ ಅಂತರ ಸೆಕೆಂಡಿಗೆ ಸುಮಾರು ನಾಲ್ಕು ಸಲದ ಅಲುಗಾಟವಾಗಿ ಕೇಳುತ್ತದೆ. ಅಮ್ಮನ ಕಿವಿ ಹಿಡಿದದ್ದು ನೂರಕ್ಕೆ ನೂರು ಸರಿ: ಖರ್ಜದ ಪಕ್ಕದಲ್ಲಿ ಶ್ರುತಿ ಸೇರದ ಇನ್ನೊಂದು ತಂತಿಯನ್ನು ವಿದ್ಯುತ್ತು ಮೀಟುತ್ತಿತ್ತು.

ಇದನ್ನು ಆಮೇಲೆ ತಂತ್ರಾಂಶದಲ್ಲಿ ತೆಗೆಯುವ ಯೋಚನೆಯನ್ನು ಕೈಬಿಟ್ಟೆ. 100 ಹರ್ಟ್ಸನ್ನು ಕೊರೆದು ತೆಗೆಯುವ ಫಿಲ್ಟರ್ ಪಕ್ಕದ ಖರ್ಜವನ್ನೂ ಗಾಯಮಾಡುತ್ತದೆ. ಬುಡದಲ್ಲೇ ನಿಲ್ಲಿಸಬೇಕಿತ್ತು. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಮುದ್ರಿಸಿದಾಗ 100ರ ಶಿಖರ ನೆಲಕಚ್ಚಿತು. ಚಾರ್ಜರ್ ಹಾಕಿಕೊಂಡೇ ಇಂಟರ್‌ಫೇಸಿನ ಲೋಹದ ಮೈ ಮುಟ್ಟಿದಾಗಲೂ ಸದ್ದು ಇಳಿಯಿತು. ಎರಡೂ ಸೇರಿದರೆ ಅರ್ಥ ಒಂದೇ: ಚಾರ್ಜರಿನಿಂದ ಸೋರುವ ಅಲ್ಪ ವಿದ್ಯುತ್ತಿಗೆ ಭೂಮಿಯ ದಾರಿ ಸಿಗುತ್ತಿಲ್ಲ, ಮನೆಯ ಅರ್ಥಿಂಗ್ ಸರಿಯಿಲ್ಲ.

ವೈರಿಂಗ್ ಗೊತ್ತಿರುವವರನ್ನು ಕರೆಸಿದೆವು. ಅವರು ಮಲ್ಟಿಮೀಟರ್ ಇಟ್ಟು ನೋಡಿದಾಗ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಬರಬೇಕಾದ 230 ವೋಲ್ಟಿನ ಹತ್ತಿರವೇ ಇತ್ತು, ಫೇಸ್‌ಗೂ ಅರ್ಥ್‌ಗೂ ನಡುವೆ ಬಹಳ ಕಡಿಮೆ. ಅಂಗಳದ ಅರ್ಥ್ ಗುಂಡಿ ರಾಯಚೂರಿನ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ಕೊಳವೆಗೆ ತಂತಿ ಸೇರುವ ಜಾಗ ತುಕ್ಕು ಹಿಡಿದಿತ್ತು. ತಂತಿ ಬಿಗಿದು, ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಿ ಎಂದು ಹೇಳಿ ಹೋದರು. ಸಂಜೆ ಮುದ್ರಿಸಿದ ತಂಬೂರಿಯಲ್ಲಿ ಅಲುಗಾಟ ಇರಲಿಲ್ಲ. ಗುಂಯ್ ಸದ್ದು ತಪ್ಪಿಸಲು ಪ್ಲಗ್ಗಿನ ಮೂರನೆಯ ಪಿನ್ ತೆಗೆದುಬಿಡಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಪಿನ್ ಇರುವುದು ಜೀವ ಉಳಿಸಲು.

ಏಪ್ರಿಲ್ ಕೊನೆ

ಹೊಸ ಇಂಟರ್‌ಫೇಸಿನಲ್ಲಿ ಮುದ್ರಿಸಿದ ಒಂದು ಕಂತು ಪೂರ್ತಿ ಕೆಳಗಿಳಿದು ಕೇಳಿತು. ಹಾಡಿನ ನಡೆಯೂ ಜಗ್ಗಿತ್ತು. “ಇದು ನನ್ನ ದನಿ ಅಲ್ಲ, ನಿನ್ನ ಅಜ್ಜಿಯ ದನಿ,” ಎಂದರು ಅಮ್ಮ. ಹಾರ್ಮೋನಿಯಂ ಹಿಡಿದು ನೋಡಿದರೆ ಷಡ್ಜ ಕಪ್ಪು ಮೂರಕ್ಕೂ ಬಿಳಿ ಐದಕ್ಕೂ ನಡುವೆ, ಯಾವ ಮನೆಗೂ ಸೇರದೆ ಕುಳಿತಿತ್ತು.

ಆ ನಡುವಿನ ಜಾಗವೇ ಸುಳಿವು ಕೊಟ್ಟಿತು. ಇಂಟರ್‌ಫೇಸ್ ಸೆಕೆಂಡಿಗೆ 48,000 ಮಾದರಿಗಳನ್ನು ಕಳಿಸುತ್ತಿದೆ, ತಂತ್ರಾಂಶ ಅದನ್ನು 44,100 ಎಂದು ಬರೆದುಕೊಂಡಿದೆ ಎಂದಾದರೆ, ಆಡಿಸುವಾಗ ಸ್ವರ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಕೆಳಗಿಳಿಯುತ್ತದೆ, ಕಾಲವೂ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಇಂಟರ್‌ಫೇಸಿನ ಸ್ವಂತ ಫಲಕದಲ್ಲಿ 48,000, ವಿಂಡೋಸ್ ಕಡೆ 44,100 ಇತ್ತು. ಹಾಡು ಕೆಟ್ಟಿರಲಿಲ್ಲ. ಆಡಾಸಿಟಿಯಲ್ಲಿ ಆ ಟ್ರ್ಯಾಕಿನ ಮೆನುವಿನಲ್ಲಿ ‘ರೇಟ್’ ಅನ್ನು 48,000ಕ್ಕೆ ಬದಲಿಸಿದ ಕೂಡಲೇ ಒಂದು ಮಾದರಿಯೂ ನಷ್ಟವಾಗದೆ ಅಮ್ಮನ ದನಿ ತನ್ನ ಶ್ರುತಿಗೆ ಮರಳಿತು. ಈಗ ಇಂಟರ್‌ಫೇಸ್, ವಿಂಡೋಸ್, ಆಡಾಸಿಟಿ ಮೂರೂ ಕಡೆ 48,000 ಎಂದೇ ಇಟ್ಟಿದ್ದೇನೆ.

ಮೇ

ಟಿಕ್ ಟಿಕ್ ಎಂಬ ಸಣ್ಣ ಒಡಕುಗಳು ಉಳಿದಿದ್ದವು. ಇಂಟರ್‌ಫೇಸೂ ಹೊರಗಿನ ಹಾರ್ಡ್ ಡಿಸ್ಕೂ ಒಂದೇ ಯುಎಸ್‌ಬಿ ಹಬ್‌ಗೆ ಹೋಗಿದ್ದವು. ಇಂಟರ್‌ಫೇಸನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೈಲನ್ನು ಒಳಗಿನ ಡಿಸ್ಕಿಗೆ ಬರೆಸಿ, ವಿದ್ಯುತ್ ಉಳಿತಾಯದ ಸ್ಥಿತಿ ತೆಗೆದ ಮೇಲೆ ನಿಂತಿವೆ. ಆಡಾಸಿಟಿಯ ರೆಕಾರ್ಡಿಂಗ್ ಆಯ್ಕೆಗಳಲ್ಲಿ ಮಾದರಿಗಳು ಕಳೆದುಹೋದ ಜಾಗವನ್ನು ಗುರುತು ಹಾಕಿ ತೋರಿಸುವ ಸೌಲಭ್ಯವಿದೆ, ಅದನ್ನು ಸದಾ ಹಾಕಿಯೇ ಇಡುತ್ತೇನೆ.

ಉಗಾಭೋಗಗಳು ಮುಗಿದಿವೆ. 24 ಬಿಟ್, 48,000 ಮಾದರಿ, ಮೊನೊ ಎಂದರೆ ಗಂಟೆಗೆ ಸುಮಾರು 518 ಎಂಬಿ, ಎರಡು ಡಿಸ್ಕುಗಳಲ್ಲಿ ಪ್ರತಿ ಇಡಲು ಕಷ್ಟವಿಲ್ಲ. ಮುಂದೆ ಇರುವುದು ಸುಳಾದಿಗಳು. ತಾಳದಿಂದ ತಾಳಕ್ಕೆ ಸಾಗುವ ಅಷ್ಟು ದೊಡ್ಡ ರಚನೆಯನ್ನು ನಡುವೆ ತುಂಡರಿಸದೆ ಒಂದೇ ಸಲಕ್ಕೆ ಮುದ್ರಿಸಬೇಕೆಂಬುದು ಅಮ್ಮನ ಇಚ್ಛೆ. ಅವರು ತೊಡೆಯ ಮೇಲೆ ಹಾಕುವ ತಾಳದ ಪೆಟ್ಟು ಈಗ ಮೈಕ್ ಸ್ಟ್ಯಾಂಡಿನ ಮೂಲಕ ಗುದ್ದಿನಂತೆ ಕೇಳುತ್ತಿದೆ. ಸ್ಟ್ಯಾಂಡನ್ನು ಜಮಖಾನೆಯಿಂದ ಆಚೆ, ಬರಿಯ ನೆಲದ ಮೇಲೆ ನಿಲ್ಲಿಸಿ ನಾಳೆ ಧ್ರುವ ತಾಳದ ಭಾಗವೊಂದನ್ನೇ ಮುದ್ರಿಸಿ ನೋಡುವುದಿದೆ.