ನೋಡ್ ಕೆಟ್ಟು ನಿಂತ ಮೇಲೆ ಸೆನ್ಸರ್ ಜಾಲವನ್ನು ಮತ್ತೆ ಜೋಡಿಸುವ ಪ್ರಯತ್ನ: ಪ್ರಗತಿಯ ಟಿಪ್ಪಣಿ

ವೈರ್‌ಲೆಸ್ ಸೆನ್ಸರ್ ಜಾಲದಲ್ಲಿ ಒಂದು ನೋಡ್ (ಸೆನ್ಸರ್ ಮತ್ತು ರೇಡಿಯೊ ಉಳ್ಳ ಪುಟ್ಟ ಸಾಧನ) ಕೆಟ್ಟು ನಿಂತಾಗ, ಅದರ ಆಚೆಗಿರುವ ನೋಡ್‌ಗಳ ಮಾಹಿತಿ ಮತ್ತೆ, ಎಲ್ಲರ ಮಾಹಿತಿಯೂ ಬಂದು ಸೇರುವ ಸಿಂಕ್ ನೋಡನ್ನು ತಲುಪುವಂತೆ ಮಾಡುವುದು ಈ ಪ್ರಾಜೆಕ್ಟಿನ ಗುರಿ. ಕೆಲಸವೆಲ್ಲ ಸದ್ಯಕ್ಕೆ ಕೂಜಾ ಸಿಮ್ಯುಲೇಟರಿನಲ್ಲಿ ನಡೆಯುತ್ತಿದೆ. ನೋಡ್‌ಗಳು ಸ್ಕೈ ಮಾದರಿಯವು, ಅಂದರೆ 10 ಕಿಲೋಬೈಟ್ ರ‍್ಯಾಮ್, 48 ಕಿಲೋಬೈಟ್ ಫ್ಲ್ಯಾಶ್ ಮತ್ತು ಸಿಸಿ2420 ರೇಡಿಯೊ ಉಳ್ಳವು; ಅವುಗಳ ಮೇಲೆ ಕಾಂಟಿಕಿ-ಎನ್‌ಜಿ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಮತ್ತು ಪ್ಯಾಕೆಟ್ಟುಗಳ ದಾರಿ ಆರಿಸುವ ಆರ್‌ಪಿಎಲ್ ರೂಟಿಂಗ್ ಓಡುತ್ತಿವೆ.

ಬಹುಪಾಲು ನೋಡ್‌ಗಳ ವಿಷಯದಲ್ಲಿ ನಾವು ಹೊಸದಾಗಿ ಮಾಡಬೇಕಾದದ್ದು ಏನೂ ಇಲ್ಲ. 2012ರಲ್ಲಿ ಪ್ರಕಟವಾದ ಆರ್‌ಪಿಎಲ್ ಮಾನದಂಡದಲ್ಲೇ ಸ್ಥಳೀಯ ದುರಸ್ತಿಯ ಏರ್ಪಾಡಿದೆ: ಸಿಂಕಿನ ಕಡೆಗೆ ಮಾಹಿತಿಯನ್ನು ದಾಟಿಸುವ ಪೇರೆಂಟ್ ನೋಡ್ ಕೈಕೊಟ್ಟರೆ ಅದರ ಮಕ್ಕಳು ಪಕ್ಕದ ಇನ್ನೊಂದು ಪೇರೆಂಟನ್ನು ಆರಿಸಿಕೊಳ್ಳುತ್ತವೆ. ತೊಂದರೆ ಇರುವುದು, ಯಾವ ನೋಡನ್ನು ತೆಗೆದರೆ ಜಾಲವೇ ಎರಡು ಹೋಳಾಗುತ್ತದೆಯೋ ಅಂಥ ಕಟ್ ವರ್ಟೆಕ್ಸ್ ನೋಡ್‌ಗಳಲ್ಲಿ. ಅಲ್ಲಿ ಆರಿಸಿಕೊಳ್ಳಲು ಇನ್ನೊಂದು ದಾರಿಯೇ ಇರುವುದಿಲ್ಲವಾದ್ದರಿಂದ, ರೂಟಿಂಗ್ ಎಷ್ಟೇ ಜಾಣತನದಿಂದ ಕೂಡಿದ್ದರೂ ಉಪಯೋಗವಿಲ್ಲ. ಹೊಸ ಕೊಂಡಿಯನ್ನೇ ಹುಟ್ಟಿಸಬೇಕಾಗುತ್ತದೆ.

ಅಂಥ ನೋಡ್‌ಗಳನ್ನು ಗುರುತಿಸಲು ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ ಅವರು 1973ರಲ್ಲಿ ಪ್ರಕಟಿಸಿದ ವಿಧಾನ, ನೋಡ್ ಮತ್ತು ಕೊಂಡಿಗಳ ಸಂಖ್ಯೆಗೆ ಅನುಪಾತವಾದ ಸಮಯದಲ್ಲೇ ಉತ್ತರ ಕೊಡುತ್ತದೆ. ಆದರೆ ಅದಕ್ಕೆ ಇಡೀ ಜಾಲದ ನಕ್ಷೆ ಒಂದೇ ಕಡೆ ಬೇಕು. ಆ ನಕ್ಷೆಯನ್ನು ಸಿಂಕಿನಲ್ಲಿ ಸದಾ ಹೊಸದಾಗಿ ಇಟ್ಟುಕೊಳ್ಳುವ ಖರ್ಚನ್ನು ಬ್ಯಾಟರಿ ತಾಳಲಾರದು. ಆದ್ದರಿಂದ ಪ್ರತಿಯೊಂದು ನೋಡ್ ತನ್ನ ನೆರೆಯವರಿಂದ ಅವರವರ ನೆರೆಪಟ್ಟಿಯನ್ನು ಪಡೆದು, ತಾನಿಲ್ಲದಿದ್ದರೂ ಆ ನೆರೆಯವರು ತಮ್ಮೊಳಗೆ ಸೇರಿಕೊಂಡಿರುತ್ತಾರೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುವ ಕ್ರಮವನ್ನು ಅಳವಡಿಸಿದ್ದೇನೆ. ಹತ್ತು ನೆರೆಯವರ ಎರಡು ಬೈಟಿನ ವಿಳಾಸಗಳು 20 ಬೈಟುಗಳಷ್ಟೇ ಆಗುವುದರಿಂದ, ಈ ರೇಡಿಯೊಗಳ 802.15.4 ಮಾನದಂಡದ 127 ಬೈಟಿನ ಫ್ರೇಮಿನಲ್ಲಿ (ಒಂದು ಸಲಕ್ಕೆ ಕಳುಹಿಸುವ ಮಾಹಿತಿಯ ತುಂಡಿನಲ್ಲಿ) ಅವು ಸುಲಭವಾಗಿ ಹಿಡಿಸುತ್ತವೆ. ಹತ್ತು ಮಂದಿಯ ಪಟ್ಟಿಗಳೂ ಸೇರಿ 200 ಬೈಟ್ ರ‍್ಯಾಮ್ ಸಾಕು. ಈ ಪರೀಕ್ಷೆಯ ತಪ್ಪು ಒಂದೇ ದಿಕ್ಕಿನದು ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಗುಣ. ಹತ್ತಿರದ ನಕ್ಷೆಯಲ್ಲಿ ನೆರೆಯವರು ಸೇರಿಕೊಂಡಿದ್ದರೆ ಇಡೀ ಜಾಲದಲ್ಲಿಯೂ ಸೇರಿಕೊಂಡೇ ಇರುತ್ತಾರೆ; ದೂರದ ಸುತ್ತುದಾರಿ ಕಣ್ಣಿಗೆ ಬೀಳದೆ, ಕಟ್ ವರ್ಟೆಕ್ಸ್ ಅಲ್ಲದ ನೋಡ್ ಕೆಲವೊಮ್ಮೆ ತನ್ನನ್ನು ಹಾಗೆಂದು ಭಾವಿಸಿಕೊಳ್ಳಬಹುದು, ಆದರೆ ನಿಜವಾದ ಕಟ್ ವರ್ಟೆಕ್ಸ್ ಎಂದೂ ತಪ್ಪಿಸಿಕೊಳ್ಳುವುದಿಲ್ಲ.

ಇಡೀ ವಿನ್ಯಾಸ ನಿಂತಿರುವುದು ಇನ್ನೊಂದು ಸಂಗತಿಯ ಮೇಲೆ. ಜಾಲ ಕಡಿದು ಹೋದ ಮೇಲೆ ಎರಡು ಹೋಳುಗಳು ಪರಸ್ಪರ ಮಾತಾಡಿಕೊಂಡು ಹೊಸ ಕೊಂಡಿಯನ್ನು ಗೊತ್ತುಮಾಡಲಾರವು, ಏಕೆಂದರೆ ಕಡಿದಿರುವುದು ಆ ಮಾತಿನ ದಾರಿಯೇ. ಹಾಗಾಗಿ ಒಪ್ಪಂದವೆಲ್ಲ ಕಟ್ ವರ್ಟೆಕ್ಸ್ ಜೀವಂತವಾಗಿರುವಾಗಲೇ, ಅದರ ಮೂಲಕವೇ ಆಗಬೇಕು. ಈಗಿನ ಕ್ರಮದಲ್ಲಿ ಅಂಥ ನೋಡ್ ತನ್ನ ಒಂದು ಮಗ್ಗುಲಿನ ನೆರೆಯ ನೋಡಿಗೆ ಪೂರ್ಣ ಶಕ್ತಿಯಲ್ಲಿ ಪರೀಕ್ಷಾ ಪ್ಯಾಕೆಟ್ ಕಳುಹಿಸಲು ಹೇಳುತ್ತದೆ; ಇನ್ನೊಂದು ಮಗ್ಗುಲಿನವರಲ್ಲಿ ಯಾರಿಗೆ ಅದು ಕೇಳಿಸಿತು ಎಂಬ ವರದಿಯನ್ನು ಸಂಗ್ರಹಿಸುತ್ತದೆ; ಬಳಿಕ ಅದನ್ನೇ ತಿರುಗುಮುರುಗಾಗಿ ನಡೆಸುತ್ತದೆ. ರೇಡಿಯೊ ಕೊಂಡಿಗಳು ಎರಡೂ ದಿಕ್ಕಿಗೆ ಒಂದೇ ಗುಣಮಟ್ಟದಲ್ಲಿ ಇರಬೇಕೆಂದಿಲ್ಲ, ಮತ್ತು ತಲುಪಿತೆಂಬ ಸ್ವೀಕೃತಿ ಹಿಂದಿರುಗದಿದ್ದರೆ ಪ್ಯಾಕೆಟ್ ಮುಟ್ಟಿದರೂ ಮುಟ್ಟದಂತೆಯೇ. ಎರಡೂ ಕಡೆಯಿಂದ ಕೇಳಿಸಿದ ಜೋಡಿಯನ್ನು ಮೀಸಲು ಜೋಡಿ ಎಂದು ಬರೆದಿಟ್ಟು, ಆ ಇಬ್ಬರಿಗೂ ತಿಳಿಸಲಾಗುತ್ತದೆ.

ಇದು ನಡೆಯಬೇಕಾದರೆ ದಿನನಿತ್ಯದ ಪ್ರಸಾರ ಕಡಿಮೆ ಶಕ್ತಿಯಲ್ಲಿದ್ದು, ಉಳಿದದ್ದು ಮೀಸಲಾಗಿರಬೇಕು. ಸಿಸಿ2420 ತನ್ನ ಪ್ರಸಾರ ಶಕ್ತಿಯ ಗರಿಷ್ಠ ಮಟ್ಟವಾದ 0 ಡಿಬಿಎಂನಲ್ಲಿ 17.4 ಮಿಲಿಆಂಪಿಯರ್ ಎಳೆದರೆ, ಮೈನಸ್ 10 ಡಿಬಿಎಂನಲ್ಲಿ 11.2 ಮಿಲಿಆಂಪಿಯರ್ ಎಳೆಯುತ್ತದೆ. ಆ 10 ಡೆಸಿಬೆಲ್‌ಗಳ ಮೀಸಲಿನಿಂದ ದೂರ ಎಷ್ಟು ಹೆಚ್ಚುತ್ತದೆ ಎಂಬುದು ಪರಿಸರಕ್ಕೆ ಬಿಟ್ಟದ್ದು: ಬಯಲಿನ ಆದರ್ಶ ಸ್ಥಿತಿಯಲ್ಲಿ ಸುಮಾರು 3.2 ಪಟ್ಟು, ದೂರದೊಂದಿಗೆ ಸಂಕೇತ ಎಷ್ಟು ಬೇಗ ಕುಗ್ಗುತ್ತದೆಂದು ಹೇಳುವ ಪಾಥ್ ಲಾಸ್ ಘಾತ 3 ಆದರೆ ಸುಮಾರು 2.2 ಪಟ್ಟು, 4 ಆದರೆ 1.8 ಪಟ್ಟು ಮಾತ್ರ. ಕೂಜಾದ ಸರಳ ವೃತ್ತಾಕಾರದ ಮಾದರಿಯಾದರೋ ದೂರವನ್ನು ರೇಡಿಯೊದ ಶಕ್ತಿಸೂಚಕ ಸಂಖ್ಯೆಗೆ ನೇರ ಅನುಪಾತವಾಗಿ ಹಿಗ್ಗಿಸುತ್ತದೆ. ಆ ಸಂಖ್ಯೆಯನ್ನು 11ರಿಂದ (ಮೈನಸ್ 10 ಡಿಬಿಎಂ) 31ಕ್ಕೆ (0 ಡಿಬಿಎಂ) ಏರಿಸಿದರೆ 2.8 ಪಟ್ಟು ಎಂದು ತೋರಿಸುತ್ತದೆ. ಅಡೆತಡೆಗಳಿರುವ ಜಾಗಕ್ಕೆ ಇದು ಅತಿಯಾದ ಭರವಸೆ. ಅದಕ್ಕಾಗಿ ಪ್ರತಿಯೊಂದು ಕೊಂಡಿಗೂ, ಪ್ರತಿಯೊಂದು ದಿಕ್ಕಿಗೂ ಬೇರೆ ಬೇರೆ ಯಶಸ್ಸಿನ ಪ್ರಮಾಣ ಕೊಡಬಹುದಾದ ಡಿಜಿಆರ್‌ಎಂ ಮಾದರಿಗೆ ಪರೀಕ್ಷೆಗಳನ್ನು ವರ್ಗಾಯಿಸುತ್ತಿದ್ದೇನೆ.

ನೋಡ್ ಸತ್ತಿದೆ ಎಂದು ತೀರ್ಮಾನಿಸುವುದು ಯಾವಾಗ ಎಂಬುದು ತೋರುವಷ್ಟು ಸುಲಭದ್ದಲ್ಲ. ಆರ್‌ಪಿಎಲ್‌ನ ಡಿಐಒ ಸಂದೇಶಗಳನ್ನು (ನೋಡ್ ತನ್ನ ದಾರಿಯ ಮಾಹಿತಿಯನ್ನು ನೆರೆಯವರಿಗೆ ಸಾರುವಂಥವು) ನಡೆಸುವ ಟ್ರಿಕಲ್ ಟೈಮರಿನ ಅವಧಿ ಕಾಂಟಿಕಿಯ ಸಾಮಾನ್ಯ ಸೆಟ್ಟಿಂಗಿನಲ್ಲಿ ಸುಮಾರು 4 ಸೆಕೆಂಡಿನಿಂದ ಆರಂಭವಾಗಿ, ಎಂಟು ಸಲ ದುಪ್ಪಟ್ಟಾಗಿ, 17 ನಿಮಿಷಗಳನ್ನು ದಾಟುತ್ತದೆ; ಜೊತೆಗೆ ಸುತ್ತಲಿನವರಿಂದ ಅದೇ ಮಾಹಿತಿ ಸಾಕಷ್ಟು ಸಲ ಕೇಳಿಬಂದರೆ ನೋಡ್ ತನ್ನ ಸಂದೇಶವನ್ನು ಕಳುಹಿಸುವುದೇ ಇಲ್ಲ. ಹೀಗಾಗಿ ಮೌನವೊಂದನ್ನೇ ಸಾವಿನ ಗುರುತಾಗಿ ತೆಗೆದುಕೊಳ್ಳುವಂತಿಲ್ಲ. ಆಗಾಗ ಹಾಜರಿ ಸಂದೇಶ ಕಳುಹಿಸೋಣವೆಂದರೆ, ಈ ರೇಡಿಯೊ ಆಲಿಸುವುದಕ್ಕೆ 18.8 ಮಿಲಿಆಂಪಿಯರ್, ಅಂದರೆ ಪ್ರಸಾರಕ್ಕಿಂತಲೂ ಹೆಚ್ಚು, ಬಳಸುತ್ತದೆ. ಆದ್ದರಿಂದ ಪ್ರತ್ಯೇಕ ಸಂದೇಶಗಳ ಬದಲು ಮಾಹಿತಿ ಫ್ರೇಮುಗಳಿಗೆ ಸ್ವೀಕೃತಿ ಬಾರದಿರುವುದನ್ನೇ ಆಧಾರವಾಗಿಟ್ಟುಕೊಂಡು, ಅದೇ ಮಗ್ಗುಲಿನ ಇನ್ನೊಂದು ನೋಡ್ ಸಹ ಹಾಗೆಯೇ ಹೇಳಿದ ಮೇಲೆ ಮಾತ್ರ ಮೀಸಲು ಜೋಡಿಯನ್ನು ಎಬ್ಬಿಸಲಾಗುತ್ತಿದೆ.

ಬೇರ್ಪಟ್ಟ ಹೋಳಿನೊಳಗೆ ಮತ್ತೊಂದು ತೊಡಕಿದೆ. ಅಲ್ಲಿನ ನೋಡ್‌ಗಳು ಸಿಂಕಿನ ದಾರಿ ಪಕ್ಕದವರ ಬಳಿ ಇದೆಯೆಂದು ನಂಬಿ ಒಂದನ್ನೊಂದು ಪೇರೆಂಟ್ ಮಾಡಿಕೊಳ್ಳುತ್ತ, ಸಿಂಕಿನಿಂದ ಎಷ್ಟು ದೂರವೆಂದು ಸೂಚಿಸುವ ರ‍್ಯಾಂಕನ್ನು ಏರಿಸುತ್ತ ಹೋಗಬಹುದು. ಪ್ಯಾಕೆಟ್ ಹೆಡರಿನಲ್ಲಿರುವ ರ‍್ಯಾಂಕ್ ದೋಷದ ಬಿಟ್ ಈ ಸುತ್ತುವಿಕೆಯನ್ನು ಹಿಡಿಯುತ್ತದೆ, ಆದರೆ ಪ್ಯಾಕೆಟ್‌ಗಳು ಸುತ್ತಿದ ಮೇಲೆ. ಬೇರ್ಪಟ್ಟ ಮಗ್ಗುಲಿನ ಮೀಸಲು ನೋಡ್ ಮೊದಲು, ತನಗೆ ದಾರಿಯೇ ಇಲ್ಲವೆಂದು ಹೇಳುವ ಅನಂತ ರ‍್ಯಾಂಕನ್ನು ಸಾರಿ ಹಳೆಯ ದಾರಿಗಳನ್ನು ಅಳಿಸಿ, ಆನಂತರ ಹೊಸ ಕೊಂಡಿಯ ಮೂಲಕ ಬಂದ ರ‍್ಯಾಂಕನ್ನು ಸಾರುವಂತೆ ಮಾಡಿದ ಮೇಲೆ ಜಾಲ ನೆಲೆಗೊಳ್ಳುವುದು ಸ್ಪಷ್ಟವಾಗಿ ಚುರುಕಾಗಿದೆ.

ನೋಡ್‌ಗಳನ್ನೇ ಸರಿಸುವ ದಾರಿ ನಮ್ಮ ಸ್ಥಿರ ಜಾಲಕ್ಕೆ ಹೊಂದುವುದಿಲ್ಲ, ಆದರೂ ಅದರ ತರ್ಕ ಸುಂದರವಾದದ್ದು: ಸತ್ತ ನೋಡಿನ ನೆರೆಯವರೆಲ್ಲ ಅದರಿಂದ ಸಂಪರ್ಕದೂರದ ಅರ್ಧದಷ್ಟು ಹತ್ತಿರಕ್ಕೆ ಬಂದರೆ, ಅವರಲ್ಲಿ ಯಾವ ಇಬ್ಬರೂ ಪರಸ್ಪರ ಸಂಪರ್ಕದೂರದೊಳಗೇ ಇರುತ್ತಾರೆ.

ಅಕ್ಕಪಕ್ಕದ ಹಲವು ನೋಡ್‌ಗಳು ಒಟ್ಟಿಗೆ ನಿಂತುಹೋದಾಗ ಮೀಸಲು ಜೋಡಿಯೂ ಅವುಗಳೊಂದಿಗೇ ಹೋಗಬಹುದು. ಆಗ ಹೊರಗಿನಿಂದ ರಿಲೇ ನೋಡ್‌ಗಳನ್ನು ತಂದಿಡುವುದೇ ಉಪಾಯ. ಎರಡು ಹೋಳುಗಳ ನಡುವಿನ ಅತಿ ಕಡಿಮೆ ದೂರ ಸಂಪರ್ಕದೂರದ ಮೂರೂವರೆ ಪಟ್ಟಿದ್ದರೆ ಮೂರು ರಿಲೇಗಳು ಸಾಕು. ಹೋಳುಗಳು ಹೆಚ್ಚಿದಂತೆ ಅದು ಅತಿ ಕಡಿಮೆ ಸ್ಟೈನರ್ ಬಿಂದುಗಳ (ಜೋಡಿಸಲು ನಡುವೆ ಸೇರಿಸುವ ಹೆಚ್ಚುವರಿ ಬಿಂದುಗಳ) ಸಮಸ್ಯೆಯಾಗಿ ಮಾರ್ಪಡುತ್ತದೆ, ಮತ್ತು ಅದು ಎನ್‌ಪಿ-ಹಾರ್ಡ್, ಅಂದರೆ ನಿಖರ ಉತ್ತರವನ್ನು ಬೇಗ ಕಂಡುಹಿಡಿಯುವ ವಿಧಾನ ಗೊತ್ತಿಲ್ಲದ್ದು, ಎಂದು ಲಿನ್ ಮತ್ತು ಶ್ಯೂ 1999ರಲ್ಲೇ ತೋರಿಸಿದ್ದಾರೆ. ಮುಂದಿನ ಹಂತದಲ್ಲಿ, ಹೋಳುಗಳ ನಡುವೆ ಎಲ್ಲವನ್ನೂ ಅತಿ ಕಡಿಮೆ ಒಟ್ಟು ಉದ್ದದಲ್ಲಿ ಜೋಡಿಸುವ ಕನಿಷ್ಠ ಸ್ಪ್ಯಾನಿಂಗ್ ಟ್ರೀ ಎಳೆದು ಅದರ ಅಂಚುಗಳುದ್ದಕ್ಕೂ ರಿಲೇಗಳನ್ನು ಇಡುವ ಅಂದಾಜು ವಿಧಾನವನ್ನು ಬರೆಯುತ್ತೇನೆ. ಮೀಸಲು ಜೋಡಿ ಉಳಿದಿರುವ ಕಡೆಗಳಲ್ಲಿ ಆ ಅಂಚಿಗೆ ರಿಲೇ ಬೇಡವೆಂದು ಲೆಕ್ಕ ಹಿಡಿಯುವುದೂ ಅದರಲ್ಲೇ ಸೇರಲಿದೆ.