ಮಂಡಿ ಕೆಳಗಿನ ದಿಂಬು

16 ಜುಲೈ 2024, ಮಂಗಳವಾರ
ಹಾಸನ

ಇವತ್ತು ಬೆಳಗ್ಗೆನೂ ದಿಂಬು ಪುಟ್ಟಿಯ ಮಂಡಿ ಕೆಳಗೇ ಇತ್ತು. ರಾತ್ರಿ ನಾನೇ ತೆಗೆದು ಬೀರು ಮೇಲೆ ಹಾಕಿದ್ದೆ. ನಡುರಾತ್ರಿ ಅತ್ತೆ ಎದ್ದು ಮತ್ತೆ ತುರುಕಿದ್ದಾರೆ. ಬೀರು ಅವರಿಗೆ ಹೇಗೆ ಎಟುಕಿತೋ ದೇವರೇ ಬಲ್ಲ. ಪುಟ್ಟಿಗೂ ಅದೇ ಹಿತ. ಮಂಡಿಯೊಳಗೆ ಮೇಲಿನ ಮೂಳೆನೂ ಕೆಳಗಿನ ಮೂಳೆನೂ ಹಿಡಿದಿಡೋ ಎಸಿಎಲ್ ಅನ್ನೋ ಕಟ್ಟು ಹರಿದು ಆಪರೇಷನ್ ಆಗಿದೆ. ಊದಿದ ಮಂಡಿ ಸ್ವಲ್ಪ ಮಡಚಿಕೊಂಡರೆ ನೋವು ಕಮ್ಮಿ. ಆದರೆ ಹಾಗೇ ಬಿಟ್ಟರೆ ಅದು ಅಲ್ಲೇ ಬಿಗಿದುಕೊಳ್ಳುತ್ತೆ, ಆಮೇಲೆ ಕುಂಟೋದು ತಪ್ಪೋದಿಲ್ಲ. "ಮಡಚೋದು ನಿಧಾನಕ್ಕೆ ಬಂದ್ರೂ ನಡೆಯುತ್ತೆ, ನೀಟೋದು ಈಗ್ಲೇ ಬರ್ಬೇಕು" ಅಂತ ಫಿಸಿಯೋ ಮೇಡಂ ಬಾಯಿ ನೋಯುವಷ್ಟು ಹೇಳಿದ್ದಾರೆ.

ಅದಕ್ಕೇ ಇವತ್ತು ಅತ್ತೆಯನ್ನೂ ಆಟೋ ಹತ್ತಿಸಿಕೊಂಡು ಹೋದೆ. ಜಿಟಿಜಿಟಿ ಮಳೆ, ಕ್ರಚಸ್ ಜಾರುತ್ತೆ ಅಂತ ದಾರಿಯುದ್ದಕ್ಕೂ ಅವರದ್ದೇ ಗೊಣಗಾಟ.

ಮೇಡಂ ಪುಟ್ಟಿಯ ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟರು. ಮಂಡಿ ಕೆಳಗೆ ಏನೂ ಇಲ್ಲ, ಖಾಲಿ. ಆ ಸಂದಿಗೆ ತಮ್ಮ ಅಂಗೈ ತೂರಿಸಿ "ಒತ್ತು" ಅಂದರು. ಪುಟ್ಟಿ ಹಲ್ಲು ಕಚ್ಚಿದಳು, ಕಿವಿ ಕೆಂಪಾಯ್ತು, ತೊಡೆ ಮಾತ್ರ ಅಲ್ಲಾಡಲಿಲ್ಲ. ಜಿಲ್ಲಾ ಕಬಡ್ಡಿ ತಂಡದ ರೈಡರ್ ತೊಡೆ ಅದು! ಮಂಡಿಯೊಳಗೆ ನೀರು ತುಂಬಿಕೊಂಡಿದ್ದರೆ ತೊಡೆಯ ಮುಂದಿನ ಸ್ನಾಯು ಮಾತು ಕೇಳೋದಿಲ್ಲವಂತೆ. ಆಮೇಲೆ ಮಂಡಿಚಿಪ್ಪಿನ ಮೇಲೆ ಒಂದು ಸಣ್ಣ ಗಂಟು ಎದ್ದ ಹಾಗಾಗಿ, ಚಿಪ್ಪು ಚೂರೇ ಚೂರು ಮೇಲಕ್ಕೆ ಸರಿಯಿತು. ಅಷ್ಟಕ್ಕೇ ಮೇಡಂ ಚಪ್ಪಾಳೆ ಹೊಡೆದರು.

"ಹರಿದಿದ್ನ ಹೊಲಿದವ್ರೆ ತಾನೆ, ಇನ್ನೇನಮ್ಮ?" ಅಂದರು ಅತ್ತೆ.

"ಹೊಲಿದಿಲ್ಲ ಅಜ್ಜಿ. ತೊಡೆ ಹಿಂದ್ಗಡೆ ಸ್ನಾಯುವಿನ ಹುರಿ ಒಂದನ್ನ ತೆಗೆದು, ಮಡಿಸಿ, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ತೂತು ಕೊರೆದು ಕೂರ್ಸಿದ್ದಾರೆ."

"ಇದೇ ಕಾಲಿಂದ ಕಿತ್ತು ಇದೇ ಕಾಲಿಗಾ? ಸರಿಹೋಯ್ತು ಬುಡು!"

ಪುಟ್ಟಿ ಆಪರೇಷನ್ ಆದಮೇಲೆ ನಕ್ಕಿದ್ದು ಇವತ್ತೇ ಇರಬೇಕು.

ಅತ್ತೆ ಬಿಡಬೇಕಲ್ಲ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಕ್ಯೂನಲ್ಲಿ ನಿಲ್ತಾಳಾ ಅಂತ ಕೇಳಿದರು. "ನಿಲ್ತಾಳೆ, ಚೆನ್ನಾಗೇ ನಡೀತಾಳೆ. ನನಗೆ ಭಯ ಆವಾಗ್ಲೇ" ಅಂದರು ಮೇಡಂ. ಕೂರಿಸಿದ ಹುರಿಗೆ ಹೊಸದಾಗಿ ರಕ್ತ ಹರಿದು, ಅದು ಒಗ್ಗಿಕೊಳ್ಳೋವರೆಗೂ ಮೊದಲಿಗಿಂತ ಬಲ ಕಮ್ಮಿ ಇರುತ್ತಂತೆ. ನೋವಿಲ್ಲ, ಊತ ಇಲ್ಲ, ಹುಡುಗರು ಮ್ಯಾಟ್ ಮೇಲೆ ಇಳಿದುಬಿಡ್ತಾರೆ. ಕಮ್ಮಿ ಅಂದ್ರೂ 9 ತಿಂಗಳು. ಆಗಲೂ ಒಂಟಿ ಕಾಲಲ್ಲಿ ನೆಗೆಸಿ ನೋಡಿ, ಒಳ್ಳೇ ಕಾಲಿನ ಬಲದಲ್ಲಿ ಶೇ. 90 ಆದರೂ ಬಂದಿದ್ದರೆ ಮಾತ್ರ ಆಟ. ಅಂದರೆ ಈ ಸಲದ ದಸರಾ ಕ್ರೀಡಾಕೂಟ ಹೋಯ್ತು, ಯುಗಾದಿಯೂ ಕಳೀಬೇಕು. ಪುಟ್ಟಿ ಏನೂ ಹೇಳದೆ ಟವೆಲ್ ನೋಡ್ತಾ ಮಲಗಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಇವರದ್ದು ಮತ್ತೆ ಅದೇ ಸ್ವೀಡನ್ ಪುರಾಣ. 2010ರಲ್ಲಿ ಬಂದ ಅಧ್ಯಯನ, ಇದೇ ಎಸಿಎಲ್ ಹರಿದ 121 ಜನ. ಮೊದಲು ವ್ಯಾಯಾಮ ಮಾಡಿ ಬೇಕಿದ್ದರೆ ಮಾತ್ರ ಆಪರೇಷನ್ ಅಂದವರಲ್ಲಿ ಐದು ವರ್ಷವಾದರೂ ಸುಮಾರು ಅರ್ಧ ಜನ ಆಪರೇಷನ್ ಇಲ್ಲದೇ ಇದ್ದರಂತೆ. ಡಾಕ್ಟ್ರೂ ಇದನ್ನ ಅಲ್ಲಗಳೆದಿರಲಿಲ್ಲ. ಬರೀ ನಡೆಯೋಕೆ, ಕಾಲೇಜಿಗೆ ಹೋಗಿಬರೋಕೆ ಅದು ಸಾಕಾಗಬಹುದು, ಆದರೆ ಓಡ್ತಾ ಓಡ್ತಾ ಗಕ್ಕನೆ ತಿರುಗೋ ಆಟಕ್ಕೆ ಕಷ್ಟ, ಜೊತೆಗೆ ಮೂಳೆಗಳ ನಡುವಿನ ಮೆತ್ತೆ, ಮೆನಿಸ್ಕಸ್ಸೂ ಹರಿದಿದೆ ಅಂದಿದ್ದರು. ನನಗೆ ಅದರಲ್ಲಿ ಅನುಮಾನ ಇಲ್ಲ.

ನನ್ನ ತಲೆ ತಿನ್ನುತ್ತಿರೋದು ಬೇರೆ. ಇಷ್ಟೆಲ್ಲ ಮಾಡಿಸಿದ್ದು ಅವಳು ಮತ್ತೆ ಕಬಡ್ಡಿ ಆಡಲಿ ಅಂತ. 25ರ ಒಳಗಿನವರು ಮತ್ತೆ ಇಂಥ ಆಟಕ್ಕಿಳಿದರೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಈ ಕಾಲೋ ಆ ಕಾಲೋ ಮತ್ತೆ ಹೋಗುತ್ತಂತೆ. ಇದನ್ನ ಓದಿದ ಮೇಲೆ ಅವಳ ಮುಂದೆ "ಬೇಗ ಆಡ್ತೀಯ ಬಿಡೇ" ಅನ್ನೋಕೆ ನಾಲಿಗೆ ಏಳ್ತಿಲ್ಲ. ಇವರನ್ನ ಕೇಳಿದರೆ "ಅವಳಿಷ್ಟ" ಅಂತಾರೆ. ಅವಳಿಷ್ಟ ಏನು ಅಂತ ನನಗೆ ಗೊತ್ತಿಲ್ವಾ?

ನಾಳಿದ್ದು ಹೊಲಿಗೆ ಬಿಚ್ಚೋಕೆ ಹೋಗ್ಬೇಕು. ಅವಳು ಹೊರಗೆ ಕೂತಿರುವಾಗ ಡಾಕ್ಟ್ರನ್ನ ಒಂದು ಮಾತು ಕೇಳೋಣ ಅಂದ್ಕೊಂಡಿದ್ದೀನಿ. ಆದರೆ ಏನಂತ ಕೇಳೋದು, ಆಡಬೇಡ ಅಂತ ನೀವೇ ಹೇಳಿ ಅಂತಲಾ, ಅಥವಾ