ಪೇಷೆಂಟ್‌ಗಳನ್ನು ಅಷ್ಟೊಂದು ಹಚ್ಚಿಕೊಂಡರೆ ಹೇಗೆ ಸಿಸ್ಟರ್?

ನಾನು ನರ್ಸ್ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಗಳ ಶಾಲೆಯ ಪೋಷಕರ ಸಭೆಯಲ್ಲಿ, ಎಲ್ಲ ಕಡೆ. "ದಿನಾ ಅಷ್ಟು ಜನರ ನೋವು ನೋಡ್ತೀರಿ, ಅವರನ್ನ ಹಚ್ಚಿಕೊಂಡ್ರೆ ಕಷ್ಟ ಅಲ್ವಾ? ಸ್ವಲ್ಪ ದೂರ ಇರೋದೇ ಒಳ್ಳೇದಲ್ವಾ?" ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ. ನಾನೂ ಇಷ್ಟು ವರ್ಷ "ಅಭ್ಯಾಸ ಆಗಿದೆ" ಅಂದು ಮಾತು ಮುಗಿಸುತ್ತಿದ್ದೆ. ಅದು ನನ್ನ ನಿಜವಾದ ಉತ್ತರ ಆಗಿರಲಿಲ್ಲ.

ನಿಜವಾದ ಉತ್ತರ ಇದು. ದೂರ ಇದ್ದರೆ ನನ್ನ ಕೆಲಸವೇ ನಡೆಯುವುದಿಲ್ಲ. ಯಾಕೆ ಅಂತ ಹೇಳಲು ಒಬ್ಬ ಅಜ್ಜನ ವಿಷಯ ಬರೆಯುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಕೆಲಸ ಮಾಡುವುದು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಅಜ್ಜ ಸಕ್ಕರೆ ಕಾಯಿಲೆಯವರು. ಎಡಗಾಲಿನ ಪಾದದಲ್ಲಿ ಹುಣ್ಣು. ಅದೇ ಹುಣ್ಣಿಗೆ ಮೂರನೇ ಸಲ ಅಡ್ಮಿಟ್ ಆಗಿದ್ದರು. ವಾರ್ಡಿನಲ್ಲಿ ನಾವು ಇನ್ಸುಲಿನ್ ಕೊಟ್ಟರೆ ಶುಗರ್ ಇಳಿಯುತ್ತಿತ್ತು, ಮನೆಗೆ ಹೋದರೆ ಏರುತ್ತಿತ್ತು. ಪಥ್ಯ ಮಾಡಲ್ಲ, ಹಬ್ಬ ಬಂದರೆ ಹೋಳಿಗೆ ಬಿಡಲ್ಲ ಅಂತ ಎಲ್ಲರೂ ಅವರಿಗೇ ಬೈದರು. ನಾನೂ ಬೈದಿದ್ದೆ. ರೌಂಡ್ಸ್‌ನಲ್ಲಿ ಮಂಚದ ಸುತ್ತ ಎಂಟು ಜನ ನಿಂತು "ಇನ್ಸುಲಿನ್ ಸರಿಯಾಗಿ ತಗೋತೀರಾ?" ಅಂತ ಕೇಳಿದರೆ ಅಜ್ಜ "ಹೂನ್ರಿ" ಅನ್ನುತ್ತಿದ್ದರು. ಅಷ್ಟೇ. ಮುಂದಿನ ಮಂಚ.

ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಅರ್ಧ ಗಂಟೆ ಒಬ್ಬರ ಪಾದ ಕೈಯಲ್ಲಿ ಹಿಡಿದು ಕೂತಿರುವಾಗ ಮಾತಾಡದೇ ಇರಲು ಆಗುವುದಿಲ್ಲ. ಮೊದಲ ದಿನ ಅವರು ಗೋಡೆ ಕಡೆ ಮುಖ ಮಾಡಿದ್ದರು. ಎರಡನೇ ದಿನ ಜೋಳ ಹೇಗಿದೆ ಅಂತ ಕೇಳಿದೆ. ಮೂರನೇ ದಿನ ಅವರೇ ಎತ್ತುಗಳ ವಿಷಯ ತೆಗೆದರು, ಒಂದು ಎತ್ತಿಗೆ ಕಾಲು ನೋವಾದಾಗ ತಾವು ಹೇಗೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತಿದ್ದರು ಅಂತ ಹೇಳಿದರು. ನಾಲ್ಕನೇ ದಿನ ದಿಂಬಿನ ಕೆಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದರು. ಒಳಗೆ ಇನ್ಸುಲಿನ್ ಬಾಟಲಿ, ಸಿರಿಂಜ್. "ಮದ್ಲ ಕೆಂಪು ಟೊಪಗಿದು ಇತ್ತ ಯವ್ವಾ. ಅದು ಖಾಲಿ ಆಗೇತಿ ಅಂತ ಅಂಗಡ್ಯಾಗ ಇದನ್ನ ಕೊಟ್ಟಾರ. ಎರಡೂ ಒಂದ ಏನು?"

ಎರಡೂ ಒಂದೇ ಅಲ್ಲ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಬಣ್ಣದ ಮುಚ್ಚಳದ್ದು 100 ಯೂನಿಟ್ ಇನ್ಸುಲಿನ್‌ಗೆ. ಅಜ್ಜನ ಚೀಲದಲ್ಲಿ ಇದ್ದದ್ದು 40ರ ಬಾಟಲಿ, ಕಿತ್ತಳೆ ಮುಚ್ಚಳದ ಸಿರಿಂಜ್. ಆ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಅವರು ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿಸದೆ ಚುಚ್ಚಿಕೊಂಡಿದ್ದಾರೆ, ಆದರೂ ಬೇಕಾದ್ದರಲ್ಲಿ ಅರ್ಧವೂ ಒಳಗೆ ಹೋಗಿಲ್ಲ. "ಮದ್ಲೇ ಯಾಕೆ ಕೇಳಲಿಲ್ಲ ಅಜ್ಜಾ?" ಅಂದೆ. "ಕೇಳಿದ್ರ ಬೈತೀರಿ ಅಂತ ಸುಮ್ನಿದ್ದೆ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಚ್ಚಿಕೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದು. ಹೇಳಿದರೆ ಬೈಯಲ್ಲ ಅನ್ನುವ ಧೈರ್ಯ ಅವರಿಗೆ ಬರುವ ತನಕ ಹತ್ತಿರ ಇರುವುದು. ಮಾತ್ರೆ ಉಗುಳಿದ್ದು, ರಾತ್ರಿ ಕುಡಿದದ್ದು, ಮೂತ್ರ ತಡೆಯಲು ಆಗದೆ ಬಟ್ಟೆ ಒದ್ದೆಯಾದದ್ದು, ಸೊಸೆ ಊಟ ಕೊಡದೇ ಇದ್ದದ್ದು, ಇದ್ಯಾವುದೂ ಕೇಸ್ ಶೀಟ್‌ನಲ್ಲಿ ಇರುವುದಿಲ್ಲ. ಯಾರಿಗಾದರೂ ಒಬ್ಬರಿಗೆ ಹೇಳಬೇಕು ಅನ್ನಿಸಿದಾಗ ಮಾತ್ರ ಅದು ಹೊರಗೆ ಬರುತ್ತದೆ.

ಇದನ್ನು ನಾನು ಕಲಿತದ್ದು ಓದುವಾಗ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್‌ನಲ್ಲಿ. ಪ್ರೊಸೆಸ್ ರೆಕಾರ್ಡಿಂಗ್ ಅಂತ ಬರೆಸುತ್ತಿದ್ದರು. ಪೇಷೆಂಟ್ ಏನಂದರು, ನಾನು ಏನಂದೆ, ಆಗ ನನ್ನ ಮನಸ್ಸಿನಲ್ಲಿ ಏನಿತ್ತು, ಎಲ್ಲವನ್ನೂ ಬರೆಯಬೇಕು. ನಾನು ಒಬ್ಬರಿಗೆ ಹತ್ತು ನಿಮಿಷದಲ್ಲಿ ಮೂರು ಸಲ "ಊಟ ಆಯ್ತಾ" ಅಂತ ಕೇಳಿದ್ದೆ. ಮೇಡಂ ಅದರ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದರು, "ಇದು ಅವರ ಮಾತು ಕೇಳಲು ಕೇಳಿದ್ದಾ, ಸುಮ್ನೆ ಕೂರಲು ಆಗದೆ ಕೇಳಿದ್ದಾ?" ಎರಡನೆಯದೇ ಸರಿ. ಅವರು ಅಳುವ ಹಾಗಿದ್ದರು, ನನಗೆ ಹೆದರಿಕೆ ಆಗಿತ್ತು.

ನರ್ಸಿಂಗ್ ಓದಿದವರಿಗೆ ಹಿಲ್ಡಗಾರ್ಡ್ ಪೆಪ್ಲಾವ್ ಹೆಸರು ಗೊತ್ತಿರುತ್ತದೆ. ಅಮೆರಿಕದ ನರ್ಸ್, 1909ರಲ್ಲಿ ಹುಟ್ಟಿದವರು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಅಂತ 1952ರಲ್ಲಿ ಪುಸ್ತಕ ಬರೆದರು. ಅವರ ಪ್ರಕಾರ ಇಬ್ಬರೂ ಅಪರಿಚಿತರಾಗಿ ಶುರು ಮಾಡುತ್ತಾರೆ, ಜೊತೆಗೆ ಕೆಲಸ ಮಾಡುತ್ತಾರೆ, ಆಮೇಲೆ ಆ ಸಂಬಂಧ ಮುಗಿಯುತ್ತದೆ. ಮುಗಿಯಲೇಬೇಕು. ಪರೀಕ್ಷೆಗೆ ಓದುವಾಗ ಈ ಕೊನೆಯ ಹಂತವನ್ನು ಬಾಯಿಪಾಠ ಮಾಡಿದ್ದೆ, ಅರ್ಥ ಆದದ್ದು ತುಂಬಾ ಆಮೇಲೆ.

ಈಗ ನೀವು ಕೇಳಬಹುದು, ಅಷ್ಟೆಲ್ಲ ಹಚ್ಚಿಕೊಳ್ಳುವವರು ಮತ್ತೆ ಸಿಡಿಸಿಡಿ ಯಾಕೆ ಮಾಡುತ್ತೀರಿ ಅಂತ. ನ್ಯಾಯವಾದ ಪ್ರಶ್ನೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಮೆಡಿಕಲ್ ಕಾಲೇಜು ಆಸ್ಪತ್ರೆಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಅನ್ನುತ್ತದೆ. ನಾನು ನೈಟ್ ಡ್ಯೂಟಿಯಲ್ಲಿ 40 ಮಂಚಗಳನ್ನು ಒಬ್ಬಳೇ ನೋಡಿಕೊಂಡಿದ್ದೇನೆ, ಅದೂ ಒಂದೆರಡು ರಾತ್ರಿ ಅಲ್ಲ. ಅಂಥ ಒಂದು ರಾತ್ರಿ ಒಬ್ಬ ಹೆಂಗಸು ಮೂರು ಸಲ ಕರೆದರು, ಮೂರೂ ಸಲ ಗ್ಲೂಕೋಸ್ ಸರಿಯಾಗಿ ಹೋಗ್ತಿದೆಯಾ ನೋಡಿ ಅಂದರು, ನಾಲ್ಕನೇ ಸಲ ಕರೆದಾಗ "ಸುಮ್ನೆ ಮಲಗ್ರೀ, ನೀವೊಬ್ರೇ ಇರೋದಾ ಇಲ್ಲಿ" ಅಂತ ಕೂಗಿದೆ. ಪಕ್ಕದ ಮಂಚದವರು ಎದ್ದು ಕೂತರು. ಆ ಹೆಂಗಸು ಬೆಳಗಿನ ತನಕ ಮತ್ತೆ ಕರೆಯಲಿಲ್ಲ. ಬೆಳಿಗ್ಗೆ ನೋಡಿದರೆ ಗ್ಲೂಕೋಸ್ ಹೋಗಲು ಕ್ಯಾನುಲಾ ನಳಿಕೆ ಹಾಕಿದ್ದ ಕೈ ಊದಿಕೊಂಡಿತ್ತು. ನಾನು ಕ್ಷಮೆ ಕೇಳಿದೆ. ಅವರು "ಇರ್ಲಿ ಬಿಡ್ರಿ ಸಿಸ್ಟರ್, ನಿಮಗೂ ಕೆಲಸ ಜಾಸ್ತಿ" ಅಂದರು. ತಪ್ಪು ನನ್ನದೇ. ಆದರೆ ಜನ ಕಡಿಮೆ ಇರುವುದರಿಂದ ಮೊದಲು ಹಾಳಾಗುವುದು ಈ ನಂಟು ಅನ್ನುವುದನ್ನೂ ಹೇಳಲೇಬೇಕು. ಇಂಜೆಕ್ಷನ್ ಹೇಗೋ ಕೊಟ್ಟು ಮುಗಿಸುತ್ತೇವೆ. ಕೂತು ಮಾತಾಡುವುದು ತಪ್ಪಿಹೋಗುತ್ತದೆ.

ಹಾಗಂತ ನಾನು ಅವರ ಮನೆಯವಳಲ್ಲ. "ಮಗಳೇ" ಅನ್ನುತ್ತಾರೆ, "ತಂಗೀ" ಅನ್ನುತ್ತಾರೆ, ಕೇಳಲು ಖುಷಿಯೇ. ಆದರೆ ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಡಿಸ್ಚಾರ್ಜ್ ದಿನ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ತೆಗೆದುಕೊಂಡು ಡ್ಯೂಟಿ ರೂಮಿನಲ್ಲಿ ಎಲ್ಲರೂ ಹಂಚಿ ತಿನ್ನುತ್ತೇವೆ. ನನ್ನ ಸ್ವಂತ ನಂಬರ್ ಕೊಡುವುದಿಲ್ಲ, ಆಸ್ಪತ್ರೆಯದು ಕೊಡುತ್ತೇನೆ. ಅಣ್ಣತಮ್ಮಂದಿರ ಜಗಳದಲ್ಲಿ ಯಾರ ಕಡೆಯೂ ನಿಲ್ಲುವುದಿಲ್ಲ. ಒಬ್ಬರು ನನಗೆ ತುಂಬಾ ಇಷ್ಟ ಆಗಿಬಿಟ್ಟರೆ ಪಕ್ಕದ ಮಂಚದವರ ಹತ್ತಿರ ಬೇಕಂತಲೇ ಎರಡು ನಿಮಿಷ ಜಾಸ್ತಿ ನಿಲ್ಲುತ್ತೇನೆ. ಯಾರೂ ನೋಡಲು ಬಾರದ, ಬೈಗುಳ ಬಿಟ್ಟು ಬೇರೆ ಮಾತಾಡದ ರೋಗಿಗೂ ನನ್ನ ಪಾಲು ಅಷ್ಟೇ ಸಿಗಬೇಕು.

ಈ ವಿಷಯ ಬಂದಾಗಲೆಲ್ಲ ನನಗೆ ಅರುಣಾ ಶಾನಭಾಗ್ ನೆನಪಾಗುತ್ತಾರೆ. ನನ್ನ ತವರು ಹೊನ್ನಾವರದ ಕಡೆ, ಅವರ ಊರು ಅದೇ ತಾಲೂಕಿನ ಹಳದೀಪುರ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರ ಸಂಜೆ ಆ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದ ಒಬ್ಬ ಅವರ ಮೇಲೆ ಹಲ್ಲೆ ಮಾಡಿದ. ಕುತ್ತಿಗೆ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ಸಿಗದೆ ಹಾನಿಯಾಗಿ ಅವರು ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ನರ್ಸ್‌ಗಳು ನೋಡಿಕೊಂಡರು. 1973ರಲ್ಲಿ ಹುಟ್ಟಿಯೇ ಇರದ ಹುಡುಗಿಯರು ಕೆಲಸಕ್ಕೆ ಸೇರಿ ಅವರಿಗೆ ಸ್ನಾನ ಮಾಡಿಸಿದರು, ಊಟ ಮಾಡಿಸಿದರು. ಮೀನು, ಕೋಳಿ ಸೂಪ್ ಅಂದರೆ ಇಷ್ಟಪಡುತ್ತಾರೆ ಅಂತ ಗುರುತಿಸಿದ್ದರು. ಮಾತಾಡಲು ಬಾರದ ಒಬ್ಬರಿಗೆ ಏನು ಇಷ್ಟ ಅಂತ ತಿಳಿಯಬೇಕಾದರೆ ಎಷ್ಟು ಸಲ ಮುಖ ನೋಡಿರಬೇಕು ಹೇಳಿ. ಅಷ್ಟು ವರ್ಷ ಮಲಗಿದ್ದರೂ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಆಗುವ ಹುಣ್ಣು, ಆಗಿರಲಿಲ್ಲ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಹಾಸಿಗೆಯ ಬಟ್ಟೆ ಸುಕ್ಕಾಗದ ಹಾಗೆ ಎಳೆದು ಸರಿ ಮಾಡುವುದು ಎಷ್ಟು ಕಷ್ಟ ಅಂತ ಮನೆಯಲ್ಲಿ ಒಬ್ಬರನ್ನು ಒಂದು ತಿಂಗಳು ನೋಡಿಕೊಂಡವರಿಗೆ ಗೊತ್ತು.

ಅವರಿಗೆ ದಯಾಮರಣ ಕೊಡಬೇಕು ಅಂತ ಹಾಕಿದ್ದ ಅರ್ಜಿಯ ಬಗ್ಗೆ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತೀರ್ಪು ಕೊಟ್ಟಿತು. ಅವರ ಪರವಾಗಿ ನಿರ್ಧಾರ ಹೇಳುವ ಹಕ್ಕು ಇಷ್ಟು ವರ್ಷ ಹಗಲೂ ರಾತ್ರಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಅಂತ ಕೋರ್ಟ್ ಹೇಳಿತು. ಅವರು ಬದುಕಿರಲಿ ಅಂತ ಸಿಬ್ಬಂದಿ ಹೇಳಿದ್ದರು. ಅದು ಸರಿಯಾ ತಪ್ಪಾ ಅಂತ ಈಗಲೂ ವಾದ ಮಾಡುವವರಿದ್ದಾರೆ. ಆ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ರಕ್ತ ಸಂಬಂಧ ಇಲ್ಲದೆ, ಬರೀ ನೋಡಿಕೊಂಡಿದ್ದರಿಂದ ಹುಟ್ಟುವ ಒಂದು ನಂಟು ಇದೆ ಅಂತ ನಮ್ಮ ದೇಶದ ದೊಡ್ಡ ಕೋರ್ಟ್ ಒಪ್ಪಿಕೊಂಡಿದ್ದು ನನಗೆ ತುಂಬಾ ದೊಡ್ಡದು.

ಇನ್ನು ನೋವಾಗುವುದಿಲ್ಲವಾ ಅನ್ನುವುದು. ಆಗುತ್ತದೆ. ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಎರಡು ತಿಂಗಳು ನಮ್ಮ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿ ಬೆಳಗಿನ ಜಾವ ತೀರಿಕೊಂಡರು. ಟ್ಯೂಬುಗಳನ್ನು ತೆಗೆದು, ಕಣ್ಣು ಮುಚ್ಚಿಸಿ, ಮೈ ಒರೆಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟುವುದು ನಮ್ಮ ಕೆಲಸ. ಏನು ಮಾಡುವ ಮೊದಲೂ ರೋಗಿಗೆ ಹೇಳಿ ಮಾಡಬೇಕು ಅಂತ ನಮಗೆ ಕಲಿಸಿರುತ್ತಾರೆ. ಅವತ್ತೂ "ಅಜ್ಜೀ, ಈಗ ಎಡಗಡೆ ತಿರುಗಿಸ್ತೀನಿ" ಅಂತ ಬಾಯಿಗೆ ಬಂತು. ಜೊತೆಗಿದ್ದ ವಿದ್ಯಾರ್ಥಿನಿ ನನ್ನನ್ನೇ ನೋಡಿದಳು. ಆಮೇಲೆ ಅವಳೂ "ಅಜ್ಜೀ, ಕೈ ಒರೆಸ್ತೀನಿ" ಅಂದಳು. ಆರು ಗಂಟೆಗೆ ಶುಗರ್ ಚೆಕ್ ಮಾಡಲು ಬೇರೆ ಮಂಚಗಳಿದ್ದವು, ಹೋದೆ. ಮನೆಗೆ ಬಂದು ಸ್ನಾನ ಮಾಡುವಾಗ ಅತ್ತುಬಿಟ್ಟೆ. ಮರುದಿನ ಡ್ಯೂಟಿಗೆ ಹೋದೆ.

ಆ ಇನ್ಸುಲಿನ್ ಅಜ್ಜನ ಹುಣ್ಣು ವಾಸಿಯಾಯಿತು. ಹೋಗುವಾಗ ಅವರ ಕೈಯಲ್ಲೇ ಸಿರಿಂಜ್ ಕೊಟ್ಟು ನಾಲ್ಕು ಸಲ ಎಳೆಸಿ ನೋಡಿದ್ದೆ. ಮನೆಯಲ್ಲಿ ಫ್ರಿಜ್ ಇಲ್ಲ ಅಂದಿದ್ದಕ್ಕೆ ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ನೀರಿನ ಮಣ್ಣಿನ ಮಡಕೆಯಲ್ಲಿ ಇಡಲು ಹೇಳಿಕೊಟ್ಟಿದ್ದೆ.

ಮತ್ತೆ ಅಡ್ಮಿಟ್ ಆಗಲಿಲ್ಲ. ಐದಾರು ತಿಂಗಳ ಮೇಲೆ ಪೇಟೆಯ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದರು. ನಾನು ಸೀರೆಯಲ್ಲಿದ್ದೆ, ಜೊತೆಗೆ ಮಗಳು. ತಿರುಗಿ ನನ್ನನ್ನು ನೋಡಿದರು, ಗುರುತು ಸಿಗಲಿಲ್ಲ. ನಾನೂ ಮಾತಾಡಿಸಲಿಲ್ಲ. ಅಂಗಡಿಯ ಹುಡುಗ ಸಿರಿಂಜ್ ತಂದಿಟ್ಟ. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ತಳ್ಳಿದರು.

"ಇದಲ್ಲೋ ತಮ್ಮಾ, ಕೆಂಪು ಟೊಪಗಿದು ಕೊಡು."